ಮನೆಯಲ್ಲಿ ಕಟ್ಟಿದ ವಿಮಾನ ಮತ್ತು ಜಾಗ ಬದಲಾದ ಒಂದು ವಾಲ್ವು

ಹಳೆಯ ಪಂಪುಸೆಟ್ಟನ್ನೋ ಹಳೆಯ ಜೀಪನ್ನೋ ಇನ್ನೊಬ್ಬರ ಕೈಯಿಂದ ಕೊಂಡವರಿಗೆ ಒಂದು ಅನುಭವ ಆಗಿಯೇ ಇರುತ್ತದೆ. ಮೊದಲಿನ ಯಜಮಾನ ತನ್ನ ಅನುಕೂಲಕ್ಕೆ ತಕ್ಕಂತೆ ಅದರಲ್ಲಿ ಏನಾದರೊಂದು ಬದಲಾವಣೆ ಮಾಡಿರುತ್ತಾನೆ. ಸ್ವಿಚ್ಚು ಇರಬೇಕಾದ ಕಡೆ ಇರುವುದಿಲ್ಲ. ಎಡಕ್ಕೆ ತಿರುಗಿಸಬೇಕಾದುದನ್ನು ಬಲಕ್ಕೆ ತಿರುಗಿಸಬೇಕಾಗುತ್ತದೆ. ಅವನ ಕೈಗೆ ಅದು ರೂಢಿಯಾಗಿತ್ತು, ನಮ್ಮ ಕೈಗೆ ಇಲ್ಲ. ಕೇಳೋಣವೆಂದರೆ ಅವನು ಊರಲ್ಲೇ ಇಲ್ಲ. ಪಂಪಾದರೆ ಒಂದು ದಿನ ತೋಟಕ್ಕೆ ನೀರು ತಪ್ಪುತ್ತದೆ. ಜೀಪಾದರೆ ದಾರಿಬದಿಯಲ್ಲಿ ನಿಲ್ಲುತ್ತದೆ. ಇದೇ ಮಾತು ಒಂದು ವಿಮಾನದಲ್ಲಿ ನಡೆದರೆ ಏನಾದೀತು?

ವಿಮಾನವನ್ನು ಮನೆಯಲ್ಲಿ ಕಟ್ಟುವವರೂ ಅದನ್ನು ತಮಗೆ ಬೇಕಾದಂತೆ ಮಾರ್ಪಡಿಸುವವರೂ ಉಂಟೇ ಎಂದು ಕೆಲವರು ಕೇಳಬಹುದು. ಮಂಗಳೂರಿನಿಂದ ಏರಿ ನಮ್ಮ ಅಡಕೆ ತೋಟಗಳ ಮೇಲೆ ಹಾದುಹೋಗುವ ದೊಡ್ಡ ವಿಮಾನಗಳನ್ನು ಕಂಡು ಬೆಳೆದ ನಮಗೆ ಅದು ತಮಾಷೆಯ ಮಾತಾಗಿ ತೋರುವುದು ಸಹಜ. ಆದರೆ ಅಮೆರಿಕ, ಇಂಗ್ಲೆಂಡ್, ಫ್ರಾನ್ಸ್ ಮೊದಲಾದ ದೇಶಗಳಲ್ಲಿ ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ, ನೆಲಮಾಳಿಗೆಯಲ್ಲಿ, ಹಿತ್ತಲ ಶೆಡ್ಡಿನಲ್ಲಿ ಒಂದೋ ಎರಡೋ ಆಸನದ ವಿಮಾನವನ್ನು ವರ್ಷಗಟ್ಟಲೆ ಕಟ್ಟಿ, ತಾವೇ ಹಾರಿಸಿ, ತಾವೇ ರಿಪೇರಿ ಮಾಡಿಕೊಳ್ಳುವ ಸಾವಿರಾರು ಮಂದಿ ಇದ್ದಾರೆ. ಅವರಲ್ಲಿ ಬಡಗಿಗಳಿದ್ದಾರೆ, ವೈದ್ಯರಿದ್ದಾರೆ, ಶಾಲಾ ಮಾಸ್ತರರಿದ್ದಾರೆ, ನಿವೃತ್ತ ನೌಕರರಿದ್ದಾರೆ. ಅವರ ಹವ್ಯಾಸದ ಸೊಗಸು ಮತ್ತು ಅದರೊಳಗಿನ ಅಪಾಯ ಎರಡೂ ತಿಳಿಯತಕ್ಕ ವಿಷಯಗಳೇ.

ಅರ್ಧಕ್ಕಿಂತ ಹೆಚ್ಚು ಸ್ವಂತ ಕೈಯ ಕೆಲಸ

ಅಮೆರಿಕದಲ್ಲಿ ಈ ಹವ್ಯಾಸಕ್ಕೆ ಸಂಘಟಿತ ರೂಪ ಬಂದದ್ದು 1953ರಲ್ಲಿ. ವಿಸ್ಕಾನ್ಸಿನ್ ರಾಜ್ಯದ ಪಾಲ್ ಪೊಬರೆಜ್ನಿ ಎಂಬವರು ಕೆಲವು ಗೆಳೆಯರನ್ನು ಕೂಡಿಸಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಎಂಬ ಸಂಘವನ್ನು ಕಟ್ಟಿದರು. ಆರಂಭದ ದಿನಗಳಲ್ಲಿ ಅದರ ಕಚೇರಿ ಎಂದರೆ ಅವರ ಮನೆಯ ನೆಲಮಾಳಿಗೆ. 1970ರಿಂದ ಆ ಸಂಘದ ವಾರ್ಷಿಕ ಮೇಳ ಆಶ್‌ಕಾಶ್ ಎಂಬ ಊರಿನಲ್ಲಿ ನಡೆಯುತ್ತಾ ಬಂದಿದೆ. ಜುಲೈ ತಿಂಗಳ ಕೊನೆಯ ವಾರದಲ್ಲಿ ಸಾವಿರಾರು ವಿಮಾನಗಳು ಅಲ್ಲಿ ಬಂದಿಳಿಯುತ್ತವೆ. ನಮ್ಮ ಕಡೆ ಜಾತ್ರೆಗೆ ಜನ ಬಂದು ಗದ್ದೆಯಲ್ಲಿ ಬಿಡಾರ ಹೂಡುವಂತೆ, ಅಲ್ಲಿ ತಮ್ಮ ತಮ್ಮ ವಿಮಾನದ ರೆಕ್ಕೆಯ ಕೆಳಗೆ ಡೇರೆ ಹಾಕಿಕೊಂಡು ವಾರವಿಡೀ ಕಳೆಯುವವರಿದ್ದಾರೆ.

ಅಲ್ಲಿಯ ಕಾನೂನಿನ ಮೂಲತತ್ವ ಸರಳ. ವಿಮಾನದ ಬಹುಪಾಲು ಕೆಲಸವನ್ನು, ಎಂದರೆ ಅರ್ಧಕ್ಕಿಂತ ಹೆಚ್ಚನ್ನು, ಹವ್ಯಾಸಿಗಳೇ ತಮ್ಮ ಶಿಕ್ಷಣಕ್ಕಾಗಿ ಅಥವಾ ವಿನೋದಕ್ಕಾಗಿ ಮಾಡಿರಬೇಕು. ಹಾಗಿದ್ದರೆ ಅದಕ್ಕೆ 'ಪ್ರಾಯೋಗಿಕ' ಎಂಬ ವರ್ಗದಲ್ಲಿ ಪರವಾನಗಿ ದೊರೆಯುತ್ತದೆ. ಬರೇ ನಕಾಶೆ ಕೊಂಡು ಎಲ್ಲವನ್ನೂ ತಾವೇ ಮಾಡುವವರು ಕೆಲವರು. ಕಂಪೆನಿಯವರು ಪೆಟ್ಟಿಗೆಗಳಲ್ಲಿ ಕಳುಹಿಸುವ ಬಿಡಿಭಾಗಗಳನ್ನು, ಅಂದರೆ 'ಕಿಟ್' ಅನ್ನು, ತರಿಸಿ ಜೋಡಿಸುವವರು ಹಲವರು. ವಿಮಾನದೊಳಗೆ 'ಎಕ್ಸ್‌ಪೆರಿಮೆಂಟಲ್' ಎಂಬ ಪದವನ್ನು ಕಣ್ಣಿಗೆ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಕೂಡುವವನಿಗೆ ತಾನು ಎಂಥದರಲ್ಲಿ ಕೂಡುತ್ತಿದ್ದೇನೆ ಎಂಬುದು ಗೊತ್ತಿರಲಿ ಎಂದು ಈ ನಿಯಮ.

ಕಟ್ಟಿ ಮುಗಿದ ವಿಮಾನವನ್ನು ಮರುದಿನವೇ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹಾರಿಸುವಂತಿಲ್ಲ. ಪ್ರಮಾಣಪತ್ರವಿರುವ ಇಂಜಿನು ಮತ್ತು ಪ್ರೊಪೆಲ್ಲರ್ ಜೋಡಿ ಇದ್ದರೆ 25 ಗಂಟೆ, ಇಲ್ಲದಿದ್ದರೆ 40 ಗಂಟೆ ಪರೀಕ್ಷಾ ಹಾರಾಟ ನಡೆಸಬೇಕೆಂಬುದು ಬಹುಕಾಲದಿಂದ ಬಂದ ಪದ್ಧತಿ. ಅಷ್ಟು ಹೊತ್ತೂ ಗೊತ್ತುಪಡಿಸಿದ ಸೀಮೆಯೊಳಗೆ, ಪ್ರಯಾಣಿಕರಿಲ್ಲದೆ ಹಾರಬೇಕು. ಕಟ್ಟಿದವನಿಗೆ ಒಂದು ವಿಶೇಷ ಹಕ್ಕೂ ಇದೆ. ಅರ್ಜಿ ಹಾಕಿದರೆ ಆ ಒಂದು ವಿಮಾನದ ಮಟ್ಟಿಗೆ ಅವನಿಗೆ ರಿಪೇರಿಗಾರನೆಂಬ ಪತ್ರ ಸಿಗುತ್ತದೆ. ವರ್ಷಕ್ಕೊಮ್ಮೆ ನಡೆಯಬೇಕಾದ ತಪಾಸಣೆಗೆ ಅವನೇ ಸಹಿ ಹಾಕಬಹುದು. ಆದರೆ ವಿಮಾನವನ್ನು ಮಾರಿದರೆ ಕೊಂಡವನಿಗೆ ಆ ಹಕ್ಕು ದಾಟುವುದಿಲ್ಲ. ಅವನು ನಟ್ಟು ಬೋಲ್ಟು ಬಿಗಿಯಬಹುದು, ಎಣ್ಣೆ ಬದಲಾಯಿಸಬಹುದು, ಮಾರ್ಪಾಡನ್ನೂ ಮಾಡಬಹುದು. ವಾರ್ಷಿಕ ತಪಾಸಣೆಗೆ ಮಾತ್ರ ಪರವಾನಗಿಯುಳ್ಳ ಮೆಕ್ಯಾನಿಕ್ಕನನ್ನೋ ಮೂಲ ನಿರ್ಮಾತೃವನ್ನೋ ಕರೆಯಬೇಕು. ಕಟ್ಟಿದವನ ತಿಳುವಳಿಕೆ ಕೊಂಡವನಿಗೆ ತಾನಾಗಿ ಬರುವುದಿಲ್ಲ ಎಂಬ ಸತ್ಯ ಈ ನಿಯಮದಲ್ಲೇ ಅಡಗಿದೆ. ನಮ್ಮ ಈ ಲೇಖನದ ತಿರುಳೂ ಅದೇ.

ಹಾರುವ ಚಿಗಟದ ಪಾಠ

ಮನೆಯಲ್ಲಿ ವಿಮಾನ ಕಟ್ಟುವವರು ಮೊದಲ ದೊಡ್ಡ ಪಾಠ ಕಲಿತದ್ದು ಯುರೋಪಿನಲ್ಲಿ, 1930ರ ದಶಕದಲ್ಲಿ. ಫ್ರಾನ್ಸಿನ ಆನ್ರಿ ಮಿನ್ಯೆ ಎಂಬವರು ಮರ ಮತ್ತು ಬಟ್ಟೆಯಿಂದ ಒಂದು ಪುಟ್ಟ ವಿಮಾನವನ್ನು ರಚಿಸಿದರು. ಇಂಗ್ಲಿಷರು ಅದನ್ನು ಕರೆದದ್ದು 'ಹಾರುವ ಚಿಗಟ' ಎಂದು. ಬಡವನೂ ಹಾರಬೇಕು ಎಂಬುದು ಮಿನ್ಯೆಯವರ ಆಸೆ. ನಕಾಶೆ ಸಹಿತ ಅವರು ಬರೆದ ಪುಸ್ತಕ 1934ರಲ್ಲಿ ಹೊರಬಂದಾಗ ಫ್ರಾನ್ಸಿನಲ್ಲೂ ಇಂಗ್ಲೆಂಡಿನಲ್ಲೂ ಜನ ಮುಗಿಬಿದ್ದು ಕಟ್ಟತೊಡಗಿದರು.

ಒಂದರ ಹಿಂದೆ ಒಂದು ಸಣ್ಣ ರೆಕ್ಕೆಗಳಿದ್ದ ಈ ವಿಮಾನ ಕೆಲವೆಡೆ ಚೆನ್ನಾಗಿಯೇ ಹಾರಿತು. ಬಳಿಕ ಒಂದೊಂದಾಗಿ ಸಾವಿನ ಸುದ್ದಿ ಬರತೊಡಗಿತು. ಕೆಳಮುಖವಾಗಿ ಎರಗಿದ ವಿಮಾನ ಮತ್ತೆ ತಲೆ ಎತ್ತುತ್ತಲೇ ಇರಲಿಲ್ಲ. ಕೊನೆಗೆ ಇಡೀ ವಿಮಾನವನ್ನೇ ಗಾಳಿ ಸುರಂಗದೊಳಗೆ ಇಟ್ಟು ಪರೀಕ್ಷಿಸಿದಾಗ ಕಾರಣ ಗೊತ್ತಾಯಿತು. ಒಂದು ಹಂತಕ್ಕಿಂತ ಹೆಚ್ಚು ಕೆಳಗೆ ಬಾಗಿದರೆ ಮುಂದಿನ ರೆಕ್ಕೆಯಿಂದ ಹಾಯುವ ಗಾಳಿ ಹಿಂದಿನ ರೆಕ್ಕೆಯ ಎತ್ತುವ ಬಲವನ್ನು ಹೆಚ್ಚಿಸಿ ಮೂತಿಯನ್ನು ಇನ್ನಷ್ಟು ಕೆಳಕ್ಕೆ ತಳ್ಳುತ್ತಿತ್ತು. ಚಾಲಕ ಹಿಡಿಯನ್ನು ಎಷ್ಟು ಎಳೆದರೂ ಫಲವಿರಲಿಲ್ಲ. ಮಿನ್ಯೆ ತಮ್ಮ ರಚನೆಯನ್ನು ತಿದ್ದಿದರು. ಆದರೆ ಅಷ್ಟರಲ್ಲಿ ಜನರ ಉತ್ಸಾಹ ಇಳಿದುಹೋಗಿತ್ತು. ಕೈಕೆಲಸ ಎಷ್ಟೇ ನಾಜೂಕಾಗಿರಲಿ, ಗಾಳಿಯ ಲೆಕ್ಕ ತಪ್ಪಿದರೆ ಕ್ಷಮೆಯಿಲ್ಲ ಎಂಬುದು ಆ ಕಾಲದ ಪಾಠ.

ಫೋಮು, ಗಾಜಿನ ಬಟ್ಟೆ ಮತ್ತು ಅಂಟು

ಅಮೆರಿಕದ ಬರ್ಟ್ ರೂಟಾನ್ ಎಂಬ ಇಂಜಿನಿಯರರು 1970ರ ದಶಕದಲ್ಲಿ ಈ ಹವ್ಯಾಸದ ದಿಕ್ಕನ್ನೇ ಬದಲಿಸಿದರು. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯ ಒಂದು ಶೆಡ್ಡಿನಲ್ಲಿ ಅವರ ಕಾರ್ಯಾಗಾರವಿತ್ತು. 1975ರಲ್ಲಿ 'ವೇರಿಈಜಿ' ಎಂಬ ವಿಮಾನವನ್ನೂ, 1979ರ ಜೂನ್ ತಿಂಗಳಲ್ಲಿ ಅದಕ್ಕಿಂತ ಸ್ವಲ್ಪ ದೊಡ್ಡದಾದ 'ಲಾಂಗ್ ಈಜಿ' ಎಂಬುದನ್ನೂ ಅವರು ಹಾರಿಸಿದರು. ನೋಡುವವರಿಗೆ ಇದು ಹಿಂದುಮುಂದಾದ ವಿಮಾನ. ಬಾಲದ ಕಡೆ ಇರಬೇಕಾದ ಪುಟ್ಟ ರೆಕ್ಕೆ ಮೂತಿಯ ಬಳಿ ಇದೆ. ಮೂತಿಯಲ್ಲಿರಬೇಕಾದ ಇಂಜಿನು ಹಿಂದೆ ಇದ್ದು ವಿಮಾನವನ್ನು ಮುಂದಕ್ಕೆ ದೂಡುತ್ತದೆ. ಮುಂದೊಬ್ಬರು, ಅವರ ಬೆನ್ನ ಹಿಂದೊಬ್ಬರು ಕಾಲು ಚಾಚಿ ಒರಗಿ ಕೂರುತ್ತಾರೆ. ಕೆಳಗಿಳಿದ ಮೇಲೆ ಮುಂದಿನ ಗಾಲಿಯನ್ನು ಒಳಕ್ಕೆ ಮಡಚಿದರೆ, ಹುಲ್ಲು ಮೇಯುವ ದನದಂತೆ ಮೂತಿಯನ್ನು ನೆಲಕ್ಕೆ ಊರಿ ನಿಲ್ಲುತ್ತದೆ.

ಕಟ್ಟುವ ವಿಧಾನವೂ ಹೊಸದು. ಗಟ್ಟಿ ಫೋಮಿನ ದಿಮ್ಮಿಯನ್ನು ಬಿಸಿ ತಂತಿಯಿಂದ ರೆಕ್ಕೆಯ ಆಕಾರಕ್ಕೆ ಕೊಯ್ಯುವುದು, ಅದರ ಮೇಲೆ ಗಾಜಿನ ನೂಲಿನ ಬಟ್ಟೆ ಹಾಸುವುದು, ಎಪಾಕ್ಸಿ ಎಂಬ ಅಂಟನ್ನು ಮೆತ್ತಿ ಒಣಗಲು ಬಿಡುವುದು. ದುಬಾರಿ ಅಚ್ಚುಗಳು ಬೇಡ, ಲೋಹ ಬಗ್ಗಿಸುವ ಯಂತ್ರ ಬೇಡ. ಆದರೆ ಪ್ರತಿಯೊಂದಕ್ಕೂ ನಿಯಮವುಂಟು. ಬಟ್ಟೆಯ ನೂಲು ಯಾವ ಕೋನದಲ್ಲಿರಬೇಕು, ಅಂಟು ಎಷ್ಟಿರಬೇಕು, ಒಳಗೆ ಗಾಳಿಗುಳ್ಳೆ ಉಳಿಯದಂತೆ ಹೇಗೆ ಒತ್ತಬೇಕು ಎಂಬುದನ್ನೆಲ್ಲ ನಕಾಶೆಯ ಪುಸ್ತಕದಲ್ಲಿ ಹೇಳಿದೆ. ಬಣ್ಣ ಬಿಳಿಯದೇ ಆಗಬೇಕು. ಕಡುಬಣ್ಣ ಬಳಿದರೆ ಬಿಸಿಲಿಗೆ ರೆಕ್ಕೆ ಕಾದು ಅಂಟು ಮೆತ್ತಗಾಗುತ್ತದೆ. ಅಂದಕ್ಕೆಂದು ಕೆಂಪು ಬಣ್ಣ ಬಳಿಯುವುದೂ ಇಲ್ಲಿ ಒಂದು ಅಪಾಯಕಾರಿ ಮಾರ್ಪಾಡೇ!

ಈ ವಿಮಾನಕ್ಕೂ ಕನ್ನಡನಾಡಿಗೂ ಒಂದು ನಂಟಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ಗಾಜಿನ ಬಟ್ಟೆಯ ನಿರ್ಮಾಣವನ್ನು ಕಲಿಯುವ ಉದ್ದೇಶದಿಂದ ಲಾಂಗ್ ಈಜಿಯ ಆಧಾರದ ಮೇಲೆ ಒಂದು ಸಂಶೋಧನಾ ವಿಮಾನವನ್ನು ಕಟ್ಟಿ 1987ರ ಫೆಬ್ರವರಿಯಲ್ಲಿ ಹಾರಿಸಿದರು. ಅದೇ ಪ್ರಯೋಗಾಲಯದಿಂದ ಮುಂದೆ 1993ರಲ್ಲಿ 'ಹಂಸ' ಎಂಬ ತರಬೇತಿ ವಿಮಾನದ ಮೊದಲ ಮಾದರಿ ಮೇಲೇರಿತು. ರೂಟಾನರು ರಚಿಸಿದ 'ವಾಯೇಜರ್' ಎಂಬ ವಿಮಾನವು 1986ರ ಡಿಸೆಂಬರಿನಲ್ಲಿ ಎಲ್ಲಿಯೂ ಇಳಿಯದೆ, ಪೆಟ್ರೋಲು ತುಂಬಿಸಿಕೊಳ್ಳದೆ, ಒಂಬತ್ತು ದಿನಗಳಲ್ಲಿ ಭೂಮಿಯನ್ನು ಸುತ್ತಿ ಬಂದದ್ದು ಹಲವರಿಗೆ ನೆನಪಿರಬಹುದು.

ಒಂದನ್ನು ಬದಲಿಸಿದರೆ ಹತ್ತು ಬದಲಾಗುತ್ತವೆ

ತಾನೇ ಕಟ್ಟಿದವನಿಗೆ ತಿದ್ದುವ ಹುಮ್ಮಸ್ಸು ಬರುವುದು ಸ್ವಾಭಾವಿಕ. ಲಾಂಗ್ ಈಜಿಯ ನಕಾಶೆಯಲ್ಲಿ ಸೂಚಿಸಿದ್ದು ಸುಮಾರು 115 ಅಶ್ವಶಕ್ತಿಯ ಇಂಜಿನು. 150 ಅಶ್ವಶಕ್ತಿಯದನ್ನು ಇಟ್ಟರೆ ಬೇಗ ಏರುತ್ತದೆ, ವೇಗವೂ ಹೆಚ್ಚುತ್ತದೆ. ಆದರೆ ಅದರ ಭಾರವೂ ಹೆಚ್ಚು, ಅದಿರುವುದೂ ವಿಮಾನದ ಹಿಂಭಾಗದಲ್ಲಿ. ತಕ್ಕಡಿಯ ಒಂದು ತಟ್ಟೆಗೆ ಕಲ್ಲು ಹಾಕಿದಂತೆ ಇಡೀ ವಿಮಾನದ ಗುರುತ್ವ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಗೊತ್ತಾದ ಮಿತಿಯನ್ನು ಅದು ದಾಟಿದರೆ ವಿಮಾನ ಚಾಲಕನ ಮಾತು ಕೇಳದು. ಆದುದರಿಂದ ಬ್ಯಾಟರಿಯನ್ನು ಮೂತಿಗೆ ಸಾಗಿಸುತ್ತಾರೆ, ಕೆಲವೊಮ್ಮೆ ಸೀಸದ ತುಂಡನ್ನೂ ಇಡುತ್ತಾರೆ. ಬ್ಯಾಟರಿ ಮುಂದೆ ಹೋದರೆ ಇಂಜಿನಿನವರೆಗೆ ಉದ್ದದ ದಪ್ಪ ತಂತಿ ಬೇಕು. ತಂತಿಗೂ ಭಾರವುಂಟು. ಹೆಚ್ಚು ಶಕ್ತಿಯ ಇಂಜಿನು ಹೆಚ್ಚು ಪೆಟ್ರೋಲು ಕುಡಿಯುತ್ತದೆ, ಹೆಚ್ಚು ಕಾಯುತ್ತದೆ. ಗಾಳಿಯ ದಾರಿಯನ್ನೂ ತಿದ್ದಬೇಕು. ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ.

ಆದುದರಿಂದ ಪ್ರತಿ ಮಾರ್ಪಾಡಿನ ನಂತರ ವಿಮಾನವನ್ನು ತೂಕದ ಯಂತ್ರದ ಮೇಲೆ ಏರಿಸಿ, ಒಂದೊಂದು ಗಾಲಿಯ ಮೇಲೆ ಎಷ್ಟು ಭಾರ ಬೀಳುತ್ತದೆ ಎಂದು ಅಳೆದು, ಹೊಸ ಲೆಕ್ಕ ಬರೆದಿಡಬೇಕು. ಇಂಜಿನು ಅಥವಾ ಪ್ರೊಪೆಲ್ಲರನ್ನು ಬದಲಿಸುವಂಥ ದೊಡ್ಡ ಮಾರ್ಪಾಡಾದರೆ ಅಧಿಕಾರಿಗಳಿಗೆ ತಿಳಿಸಿ ಮತ್ತೆ ಪರೀಕ್ಷಾ ಹಾರಾಟ ನಡೆಸಬೇಕು. ಮಾರ್ಪಾಡಿನಿಂದ ಒಳ್ಳೆಯದೂ ಆಗಿದೆ ಎನ್ನಬೇಕು. ಲಾಂಗ್ ಈಜಿಯ ಮುಂದಿನ ಪುಟ್ಟ ರೆಕ್ಕೆ ಮಳೆಯಲ್ಲಿ ನೆನೆದಾಗ ಎತ್ತುವ ಬಲ ಕುಗ್ಗಿ ಮೂತಿ ಬಾಗುವ ದೋಷ ಕಂಡುಬಂದಿತ್ತು. ಜಾನ್ ರಾಂಜ್ ಎಂಬ ತಜ್ಞರು ಬೇರೆ ಆಕಾರದ ರೆಕ್ಕೆಯನ್ನು ರಚಿಸಿಕೊಟ್ಟ ಮೇಲೆ ಆ ತೊಂದರೆ ಬಗೆಹರಿಯಿತು. ಆದರೆ ಅದು ಲೆಕ್ಕ ಹಾಕಿ, ಪರೀಕ್ಷೆ ಮಾಡಿ, ಎಲ್ಲರಿಗೂ ತಿಳಿಸಿ ಮಾಡಿದ ಮಾರ್ಪಾಡು.

ಹಲಸು ಬಡಿದು ನೋಡುವಂತೆ

ಇನ್ನು ಆರೈಕೆಯ ಮಾತು. ಗಾಜಿನ ಬಟ್ಟೆಯ ವಿಮಾನಕ್ಕೆ ತುಕ್ಕು ಹಿಡಿಯುವುದಿಲ್ಲ. ಆದರೆ ಬಟ್ಟೆಗೂ ಫೋಮಿಗೂ ನಡುವೆ ಎಲ್ಲಾದರೂ ಅಂಟು ಬಿಟ್ಟಿದ್ದರೆ ಹೊರಗಿನಿಂದ ಕಾಣುವುದಿಲ್ಲ. ಅದಕ್ಕೆ ಉಪಾಯ ಬಲು ಸುಲಭ. ಒಂದು ನಾಣ್ಯ ಹಿಡಿದು ರೆಕ್ಕೆಯ ಮೇಲೆ ಇಂಚಿಂಚಾಗಿ ತಟ್ಟುತ್ತಾ ಹೋಗುವುದು. ಗಟ್ಟಿ ಇರುವಲ್ಲಿ ಖಣಿಲ್ ಎನ್ನುತ್ತದೆ, ಬಿಟ್ಟಿರುವಲ್ಲಿ ಬೊದ್ದು ಸದ್ದು ಬರುತ್ತದೆ. ಹಲಸಿನಕಾಯಿ ಬೆಳೆದಿದೆಯೇ ಎಂದು ಬೆರಳಿನಿಂದ ಬಡಿದು ನೋಡುವ ನಮ್ಮ ಅಜ್ಜಿಯಂದಿರಿಗೆ ಈ ವಿದ್ಯೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಅಲ್ಯೂಮಿನಿಯಂ ತಗಡಿನ ವಿಮಾನವಾದರೆ ರಿವೆಟ್ಟುಗಳನ್ನು ನೋಡಬೇಕು. ಸಡಿಲವಾದ ರಿವೆಟ್ಟಿನ ಸುತ್ತ ತಗಡು ಉಜ್ಜಿ ಉಜ್ಜಿ ಕಪ್ಪು ಪುಡಿ ಬಂದು, ಗಾಳಿಗೆ ಹಿಂದಕ್ಕೆ ಹರಿದು, ಹೊಗೆಯ ಗೆರೆಯಂತೆ ಕಾಣುತ್ತದೆ.

ಇಂಜಿನಿನ ಎಣ್ಣೆಯನ್ನು ಫಿಲ್ಟರಿದ್ದರೆ ಸಾಮಾನ್ಯವಾಗಿ 50 ಗಂಟೆಗೊಮ್ಮೆ ಬದಲಿಸುತ್ತಾರೆ. ಹಳೆಯ ಫಿಲ್ಟರನ್ನು ಎಸೆಯುವಂತಿಲ್ಲ. ಅದನ್ನು ಕತ್ತರಿಸಿ ಬಿಚ್ಚಿ, ಒಳಗೆ ಲೋಹದ ಚೂರೇನಾದರೂ ಹೊಳೆಯುತ್ತದೆಯೇ ಎಂದು ಬಿಸಿಲಿಗೆ ಹಿಡಿದು ನೋಡಬೇಕು. ಇಂಜಿನಿನ ಒಳಗಿನ ಆರೋಗ್ಯ ತಿಳಿಯುವುದು ಅಲ್ಲೇ. ಸಿಲಿಂಡರುಗಳಿಗೆ ಒತ್ತಡದ ಗಾಳಿ ಕೊಟ್ಟು ಎಷ್ಟು ಸೋರುತ್ತದೆ ಎಂದು ಅಳೆಯಬೇಕು. ಮುಖ್ಯ ನಟ್ಟುಗಳು ತಾವಾಗಿ ತಿರುಗದಂತೆ ತೆಳ್ಳನೆಯ ಉಕ್ಕಿನ ತಂತಿಯಿಂದ ಒಂದನ್ನೊಂದು ಬಿಗಿಯಬೇಕು. ಬಿಗಿದ ನಟ್ಟಿನ ಮೇಲೆ ಬಣ್ಣದ ಗೆರೆ ಎಳೆಯುವ ಪದ್ಧತಿಯೂ ಇದೆ. ಗೆರೆ ತುಂಡಾಗಿ ಕಂಡರೆ ನಟ್ಟು ಸರಿದಿದೆ ಎಂದು ದೂರದಿಂದಲೇ ತಿಳಿಯುತ್ತದೆ.

ಪ್ರೊಪೆಲ್ಲರು ಹಿಂದೆ ಇರುವ ವಿಮಾನಕ್ಕೆ ಇನ್ನೊಂದು ಕಷ್ಟವಿದೆ. ಇಂಜಿನಿನ ಮುಚ್ಚಳದಿಂದ ಒಂದು ಸಣ್ಣ ಸ್ಕ್ರೂ ಕಳಚಿದರೂ ಅದು ನೆಲಕ್ಕೆ ಬೀಳುವುದಿಲ್ಲ, ನೇರ ತಿರುಗುವ ಪ್ರೊಪೆಲ್ಲರಿಗೆ ಹೋಗಿ ಬಡಿಯುತ್ತದೆ. ಅನೇಕರು ಮರದ ಪ್ರೊಪೆಲ್ಲರು ಬಳಸುತ್ತಾರೆ. ಮಳೆಗಾಲಕ್ಕೆ ನಮ್ಮ ಮನೆಯ ಬಾಗಿಲು ಉಬ್ಬಿ ಬೇಸಗೆಗೆ ಸೊರಗುವಂತೆ ಅದೂ ಹವೆಯ ತೇವಕ್ಕೆ ಹಿಗ್ಗಿ ಕುಗ್ಗುತ್ತದೆ. ಆಗ ಬೋಲ್ಟುಗಳ ಬಿಗಿ ಬದಲಾಗುತ್ತದೆ. ಋತು ಬದಲಾದಾಗ ಅಳತೆಯ ಪಾನಾ ಹಾಕಿ ಮತ್ತೆ ನೋಡದಿದ್ದರೆ ಹಾರುತ್ತಿರುವಾಗಲೇ ಪ್ರೊಪೆಲ್ಲರು ಕಳಚಿಹೋದೀತು. ಸ್ಪಿರಿಟ್ ಬೆರೆಸಿದ ಪೆಟ್ರೋಲು ಕೆಲವು ಬಗೆಯ ಅಂಟಿನ ಟ್ಯಾಂಕುಗಳನ್ನೂ ರಬ್ಬರು ಕೊಳವೆಗಳನ್ನೂ ಕೆಡಿಸುತ್ತದೆ. ಮಣ್ಣಿನ ಗೂಡು ಕಟ್ಟುವ ಕಣಜ ವೇಗಮಾಪಕದ ಸಣ್ಣ ಕೊಳವೆಯೊಳಗೆ ಮನೆ ಮಾಡಿದರೆ ಮುಳ್ಳು ಸುಳ್ಳು ವೇಗ ತೋರಿಸುತ್ತದೆ. ಇದಾವುದೂ ದೊಡ್ಡ ವಿದ್ಯೆಯಲ್ಲ. ಆದರೆ ಇದಾವುದನ್ನೂ ಮರೆಯುವಂತಿಲ್ಲ.

ಭುಜದ ಹಿಂದಿನ ವಾಲ್ವು

ಈಗ ಮೊದಲು ಎತ್ತಿದ ಪ್ರಶ್ನೆಗೆ ಬರೋಣ. ಲಾಂಗ್ ಈಜಿಯಲ್ಲಿ ಎರಡು ಪೆಟ್ರೋಲ್ ಟ್ಯಾಂಕುಗಳು, ಎಡಕ್ಕೊಂದು ಬಲಕ್ಕೊಂದು. ಒಂದು ಖಾಲಿಯಾದರೆ ಚಾಲಕ ವಾಲ್ವನ್ನು ತಿರುಗಿಸಿ ಇನ್ನೊಂದಕ್ಕೆ ಬದಲಾಯಿಸಬೇಕು. ರೂಟಾನರ ನಕಾಶೆಯಲ್ಲಿ ಆ ವಾಲ್ವು ಇದ್ದದ್ದು ಚಾಲಕನ ಎರಡು ಕಾಲುಗಳ ನಡುವೆ, ಕಣ್ಣಿಗೆ ಕಾಣುವಂತೆ, ಕೈಗೆ ಎಟಕುವಂತೆ. ಅಮೆರಿಕದ ಒಬ್ಬ ಹವ್ಯಾಸಿ ತಾನು ಕಟ್ಟಿದ ಲಾಂಗ್ ಈಜಿಯಲ್ಲಿ ಅದನ್ನು ಅಲ್ಲಿಂದ ತೆಗೆದು ಚಾಲಕನ ಎಡ ಭುಜದ ಹಿಂದಿನ ಗೋಡೆಯಲ್ಲಿ ಕೂರಿಸಿದ. ಕುಳಿತುಕೊಳ್ಳುವ ಕೋಣೆಯೊಳಗೆ ಪೆಟ್ರೋಲಿನ ಕೊಳವೆ ಹಾಯಬಾರದು, ಸೋರಿದರೆ ಬೆಂಕಿಯ ಭಯ ಎಂಬುದು ಅವನ ಯೋಚನೆ. ಯೋಚನೆ ಕೆಟ್ಟದ್ದೇನಲ್ಲ. ಒಂದು ಅಪಾಯವನ್ನು ದೂರ ಮಾಡಲು ಹೋದ. ಆದರೆ ಇನ್ನೊಂದು ಅಪಾಯ ಬೆನ್ನ ಹಿಂದೆ ಬಂದು ಕೂತಿತು. ವಾಲ್ವಿನ ಹಿಡಿ ಯಾವ ಕಡೆಗಿದ್ದರೆ ಯಾವ ಟ್ಯಾಂಕು ಎಂಬ ಗುರುತೂ ಅಲ್ಲಿರಲಿಲ್ಲ. ಪೆಟ್ರೋಲಿನ ಮಟ್ಟ ತೋರಿಸುವ ಗಾಜಿನಲ್ಲಿ ಎಷ್ಟು ಗ್ಯಾಲನ್ ಎಂಬ ಗೆರೆಗಳೂ ಇರಲಿಲ್ಲ.

ಆ ವಿಮಾನ ಕೈ ದಾಟಿ 1997ರಲ್ಲಿ ಜಾನ್ ಡೆನ್ವರ್ ಎಂಬವರಿಗೆ ಬಂತು. ಡೆನ್ವರ್ ಅಮೆರಿಕದ ಪ್ರಖ್ಯಾತ ಗಾಯಕರು. ಹಳ್ಳಿಯ ದಾರಿ, ಬೆಟ್ಟ, ಮನೆಗೆ ಮರಳುವ ಹಂಬಲ ಇವುಗಳ ಹಾಡುಗಳಿಂದ ಲೋಕವೆಲ್ಲ ಅವರ ಹೆಸರು ಕೇಳಿತ್ತು. ತಂದೆ ವಾಯುಪಡೆಯ ಅಧಿಕಾರಿ. ಮಗನಿಗೂ ಹಾರಾಟದ ಹುಚ್ಚು. 2,700 ಗಂಟೆಗಳಿಗೂ ಹೆಚ್ಚಿನ ಅನುಭವವಿದ್ದ ಚಾಲಕ ಅವರು. ಆದರೆ ಲಾಂಗ್ ಈಜಿ ಅವರಿಗೆ ಹೊಸತು. ಅಕ್ಟೋಬರ್ 11ರಂದು ಸುಮಾರು ಅರ್ಧ ತಾಸು ಅದರ ಪರಿಚಯ ಮಾಡಿಕೊಂಡು ಮಾಂಟರೆ ಎಂಬ ಕಡಲತೀರದ ಊರಿಗೆ ತಂದರು.

ಮರುದಿನ ಸಂಜೆ ಹಾರುವ ಮುನ್ನ ವಾಲ್ವಿನ ಜಾಗದ ಬಗ್ಗೆ ಅಲ್ಲಿಯ ಮೆಕ್ಯಾನಿಕ್ಕನೊಡನೆ ಮಾತು ನಡೆಯಿತು. ಹಿಡಿಯನ್ನು ಉದ್ದ ಮಾಡಲು ಒಂದು ಇಕ್ಕಳವನ್ನು ಅದಕ್ಕೆ ಕಚ್ಚಿಸಿ ನೋಡಿದರು. ಆದರೂ ಕೈಗೆ ಸಿಗಲಿಲ್ಲ. ಹಿಂದಿರುವ ಪೆಟ್ರೋಲ್ ಮಟ್ಟವನ್ನು ಭುಜದ ಮೇಲಿಂದ ನೋಡಲು ಮೆಕ್ಯಾನಿಕ್ಕ ಒಂದು ಪುಟ್ಟ ಕನ್ನಡಿ ಕೊಟ್ಟ. ಪೆಟ್ರೋಲು ತುಂಬಿಸಬೇಕೇ ಎಂಬ ಮಾತು ಬಂದಾಗ, ಹಾರುವುದು ಒಂದು ಗಂಟೆ ಮಾತ್ರ, ಬೇಡ ಎಂದರು ಡೆನ್ವರ್. ಮೇಲೇರಿ ಕೆಲವು ಸಲ ನೆಲ ಮುಟ್ಟಿ ಮತ್ತೆ ಏರುವ ಅಭ್ಯಾಸ ಮಾಡಿ ಕಡಲ ಕಡೆಗೆ ತಿರುಗಿದರು. ತೀರದಲ್ಲಿದ್ದವರು ಇಂಜಿನಿನ ಸದ್ದು ತಡವರಿಸಿದ್ದನ್ನು ಕೇಳಿದರು. ಕೆಲವು ನೂರು ಅಡಿ ಎತ್ತರದಲ್ಲಿದ್ದ ವಿಮಾನ ಬಲಕ್ಕೆ ಹೊರಳಿ ಮೂತಿ ಕೆಳಗಾಗಿ ಕಡಲಿಗೆ ಬಿತ್ತು. ಡೆನ್ವರರಿಗೆ ಆಗ 53 ವರ್ಷ.

ತನಿಖೆ ನಡೆಸಿದ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿಯವರು ಅಂಥದೇ ಆಸನದಲ್ಲಿ ಬೇರೆಯವರನ್ನು ಕೂರಿಸಿ ನೋಡಿದರು. ಆ ವಾಲ್ವನ್ನು ಮುಟ್ಟಬೇಕಾದರೆ ಬಲಗೈಯನ್ನು ಹಿಡಿಯಿಂದ ಬಿಟ್ಟು, ಮೈಯನ್ನು ಎಡಕ್ಕೆ ಪೂರ್ತಿ ಹೊರಳಿಸಿ, ಎಡ ಭುಜದ ಮೇಲಿಂದ ಹಿಂದಕ್ಕೆ ಚಾಚಬೇಕು. ಹಾಗೆ ಹೊರಳುವಾಗ ಆನಿಕೆಗೆ ಬಲಗಾಲು ತಾನಾಗಿ ಒತ್ತುತ್ತದೆ. ಬಲಗಾಲಿನ ಕೆಳಗಿರುವುದು ಬಲಗಡೆಯ ಚುಕ್ಕಾಣಿಯ ಪೆಡಲು! ವಿಮಾನ ಬಲಕ್ಕೆ ಹೊರಳದೆ ಇನ್ನೇನಾದೀತು? ಪೆಟ್ರೋಲು ತುಂಬಿಸದೆ ಹೊರಟದ್ದು ಮತ್ತು ವಾಲ್ವು ತಿರುಗಿಸುವಾಗ ತಿಳಿಯದೆ ಪೆಡಲು ಒತ್ತಿದ್ದು ಕಾರಣವೆಂದು ಮಂಡಳಿ 1999ರಲ್ಲಿ ತೀರ್ಮಾನಿಸಿತು. ಗುರುತಿಲ್ಲದ, ಕೈಗೆಟಕದ ವಾಲ್ವನ್ನು ಅಲ್ಲಿ ಇರಿಸಿದ ನಿರ್ಮಾತೃವಿನ ನಿರ್ಧಾರ, ಗೆರೆಯಿಲ್ಲದ ಮಾಪಕ, ಚಾಲಕನಿಗೆ ಆ ಜಾತಿಯ ವಿಮಾನದ ತರಬೇತಿ ಸಾಲದೆ ಇದ್ದದ್ದು ಇವೂ ಕಾರಣಕ್ಕೆ ಕೂಡಿಕೊಂಡವು ಎಂದಿತು.

ಇಲ್ಲಿ ಯಾರೊಬ್ಬರನ್ನೇ ದೂರಿ ಫಲವಿಲ್ಲ. ಕಟ್ಟಿದವನು ಸೋಮಾರಿಯಲ್ಲ, ಅವನ ವಿಮಾನ ಹಾರಿತ್ತು. ಹಾರಿಸಿದವನು ಅನನುಭವಿಯಲ್ಲ. ಮೆಕ್ಯಾನಿಕ್ಕನೂ ತೊಂದರೆಯನ್ನು ಕಂಡಿದ್ದ. ವಾಲ್ವು ತಪ್ಪು ಜಾಗದಲ್ಲಿದೆ ಎಂಬುದು ಗೊತ್ತಿದ್ದವರಿಗೆಲ್ಲ ಗೊತ್ತಿತ್ತು. ಅದನ್ನು ಸರಿಯಾದ ಜಾಗಕ್ಕೆ ತರುವ ತನಕ ಹಾರಾಟ ಬೇಡ ಎಂದು ನಿಲ್ಲಿಸುವ ಒಂದು ಮಾತು ಮಾತ್ರ ಬರಲಿಲ್ಲ. ಒಂದು ಕನ್ನಡಿ, ಒಂದು ಇಕ್ಕಳ, 'ಒಂದು ಗಂಟೆ ತಾನೇ' ಎಂಬ ಸಮಾಧಾನ. ಇಂಥ ಸಮಾಧಾನಗಳಲ್ಲೇ ನಮ್ಮೆಲ್ಲರ ಯಂತ್ರಗಳು ನಡೆಯುತ್ತಿರುವುದಲ್ಲವೇ?

ಕಂಪೆನಿಗೂ ತಪ್ಪದ ಮಾತು

ಈ ಎಚ್ಚರ ಹವ್ಯಾಸಿಗಳಿಗೆ ಮಾತ್ರವಲ್ಲ. ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ ಎಂಬವರು 1973ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಸ್ಥಾಪಿಸಿದ 'ವ್ಯಾನ್ಸ್ ಏರ್‌ಕ್ರಾಫ್ಟ್' ಕಿಟ್ ವಿಮಾನಗಳಲ್ಲಿ ಬಹಳ ಹೆಸರಾದುದು. ಅವರ ಅಲ್ಯೂಮಿನಿಯಂ ವಿಮಾನಗಳು ಜಗತ್ತಿನಲ್ಲಿ 11,000ಕ್ಕೂ ಹೆಚ್ಚು ಹಾರಿವೆ. ಇತ್ತೀಚಿನ ವರ್ಷಗಳಲ್ಲಿ ಬೇಡಿಕೆ ಏರಿದಾಗ, ರಿವೆಟ್ಟಿನ ತೂತುಗಳನ್ನು ಯಂತ್ರದಿಂದ ಒತ್ತುವ ಬದಲು ಕೆಲವು ಭಾಗಗಳಲ್ಲಿ ಲೇಸರ್ ಕಿರಣದಿಂದ ಕೊಯ್ಯಿಸಿದರು. ಕಿರಣ ಸುತ್ತು ಮುಗಿಸುವಲ್ಲಿ ತೂತಿನ ಅಂಚಿನಲ್ಲಿ ಕೂದಲೆಳೆಯಷ್ಟು ಕಚ್ಚು ಉಳಿಯುತ್ತಿತ್ತು. ಕಟ್ಟುವವರು ರಿವೆಟ್ಟಿನ ತಲೆ ಕೂರಲು ಆ ತೂತನ್ನು ಒತ್ತಿ ಗುಳಿ ಮಾಡಿದಾಗ ಕಚ್ಚಿನಿಂದ ಬಿರುಕು ಹೊರಟಿತು. ಸಾವಿರಾರು ಗಿರಾಕಿಗಳ ಕೆಲಸ ನಿಂತಿತು. ಭಾಗಗಳನ್ನು ಬದಲಿಸಿಕೊಡುವ ಖರ್ಚೂ ಇತರ ನಷ್ಟಗಳೂ ಕೂಡಿ 2023ರ ಡಿಸೆಂಬರಿನಲ್ಲಿ ಕಂಪೆನಿ ದಿವಾಳಿ ರಕ್ಷಣೆ ಬೇಡಿ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಮರುವರ್ಷ ಅದು ಚೇತರಿಸಿಕೊಂಡಿತು. ಐವತ್ತು ವರ್ಷ ನಡೆದುಬಂದ ಸಂಸ್ಥೆಯನ್ನೂ ಒಂದು ತೂತಿನ ಅಂಚು ಅಲುಗಾಡಿಸಿತು.

ನಮ್ಮ ನಾಡಿನವರು

ನಮ್ಮ ದೇಶದಲ್ಲಿ ಈ ಹವ್ಯಾಸಕ್ಕೆ ದಾರಿ ಕಿರಿದು. ವಿಮಾನಯಾನ ಮಹಾನಿರ್ದೇಶನಾಲಯದ ಅನುಮತಿಯಿಲ್ಲದೆ ಯಾವ ವಿಮಾನವನ್ನೂ ಹಾರಿಸುವಂತಿಲ್ಲ. ಆದರೂ ಸಾಹಸಿಗಳಿಲ್ಲದೆ ಇಲ್ಲ. ಮುಂಬಯಿಯ ಒಬ್ಬ ವಿಮಾನ ಚಾಲಕರು ತಮ್ಮ ಕಟ್ಟಡದ ಮೇಲ್ಛಾವಣಿಯಲ್ಲೇ ಆರು ಆಸನದ ವಿಮಾನ ಕಟ್ಟಿ 2016ರಲ್ಲಿ ಪ್ರದರ್ಶಿಸಿದರು, ಮರುವರ್ಷ ಅದಕ್ಕೆ ನೋಂದಣಿಯೂ ದೊರೆಯಿತು. ನಮ್ಮ ಕೇರಳದ ಇಡುಕ್ಕಿ ಜಿಲ್ಲೆಯ, ಕಿವಿ ಕೇಳದ, ಮಾತು ಬಾರದ ಒಬ್ಬರು ವರ್ಷಗಟ್ಟಲೆ ಪಾಡುಪಟ್ಟು ಕಟ್ಟಿದ ಎರಡು ಆಸನದ ಹಗುರ ವಿಮಾನ 2014ರಲ್ಲಿ ತಮಿಳುನಾಡಿನಲ್ಲಿ ಹಾರಿತು. ಅದನ್ನು ಹಾರಿಸಿದ್ದು ವಾಯುಪಡೆಯಿಂದ ನಿವೃತ್ತರಾದ ಅನುಭವಿ ಚಾಲಕರು. ಆಲಪ್ಪುಳದಿಂದ ಹೋಗಿ ಇಂಗ್ಲೆಂಡಿನಲ್ಲಿ ನೆಲೆಸಿದ ಇಂಜಿನಿಯರರೊಬ್ಬರು ದಕ್ಷಿಣ ಆಫ್ರಿಕದ ಕಂಪೆನಿಯ ಕಿಟ್ ತರಿಸಿ, ಕೊರೊನಾ ಕಾಲದ ಬಿಡುವಿನಲ್ಲಿ ನಾಲ್ಕು ಆಸನದ ವಿಮಾನ ಜೋಡಿಸಿ, ಮಗಳ ಹೆಸರಿಟ್ಟು, 2022ರಲ್ಲಿ ಕುಟುಂಬ ಸಮೇತ ಯುರೋಪಿನ ದೇಶಗಳನ್ನು ಸುತ್ತಿ ಬಂದರು. ಹಂತಹಂತವಾಗಿ ತಪಾಸಣೆ ಮಾಡಿಸಿಕೊಂಡೇ ಅಲ್ಲಿ ಈ ಕೆಲಸ ನಡೆಯಬೇಕಾಗುತ್ತದೆ.

ವಿಮಾನ ಕಟ್ಟುವ ಯೋಗ ನಮ್ಮಲ್ಲಿ ಎಷ್ಟು ಜನಕ್ಕಿದೆಯೋ ಗೊತ್ತಿಲ್ಲ. ಆದರೆ ಅಡಕೆಗೆ ಮದ್ದು ಬಿಡುವ ಪಂಪಿನಿಂದ ಹಿಡಿದು ಮನೆಯ ಗ್ಯಾಸ್ ಒಲೆಯವರೆಗೆ ಕೈ ಹಾಕಿ ತಿದ್ದುವವರು ಪ್ರತಿ ಮನೆಯಲ್ಲೂ ಇದ್ದಾರೆ. ತಿದ್ದುವುದು ತಪ್ಪಲ್ಲ, ಅದು ಬುದ್ಧಿಯ ಲಕ್ಷಣ. ಆದರೆ ತಿದ್ದಿದ್ದನ್ನು ಬರೆದಿಡಬೇಕು. ಮುಟ್ಟುವ ಜಾಗದಲ್ಲಿ ಗುರುತು ಹಾಕಬೇಕು. ನಮ್ಮ ಕೈಗೆ ಎಟಕಿದರೆ ಸಾಲದು, ಮನೆಯ ಹೆಂಗಸರ, ಮಕ್ಕಳ, ನಾಳೆ ಕೊಳ್ಳುವವನ ಕೈಗೂ ಎಟಕುತ್ತದೆಯೇ ಎಂದು ಅವರನ್ನು ಕೂರಿಸಿ ನೋಡಬೇಕು. ಮಾರುವಾಗ ಬೆಲೆ ಹೇಳುವ ಮೊದಲು ಬದಲಾವಣೆಯನ್ನು ಹೇಳಬೇಕು. ಕೊಳ್ಳುವವನೂ ನಾಚದೆ ಕೇಳಬೇಕು.

ವಾಲ್ವನ್ನು ಭುಜದ ಹಿಂದೆ ಇಟ್ಟವನು ಅದನ್ನು ಇಟ್ಟದ್ದು ತನಗೆ. ಅದರ ಬೆಲೆ ತೆತ್ತವನು ಅವನಲ್ಲ.